ತಡವಾಗಿ ತಟ್ಟಿದ ಚಪ್ಪಾಳೆ

2025ರ ಮೇ 12ರ ಬೆಳಿಗ್ಗೆ ಟಿವಿಯಲ್ಲಿ ಒಂದು ಸುದ್ದಿ ಬಂತು. ‘ಕಾಮಿಡಿ ಕಿಲಾಡಿಗಳು’ ಮೂರನೆಯ ಸೀಸನ್ ಗೆದ್ದಿದ್ದ ಉಡುಪಿಯ ರಾಕೇಶ್ ಪೂಜಾರಿ ಕಾರ್ಕಳದ ಹತ್ತಿರ ಸ್ನೇಹಿತರ ಮೆಹಂದಿ ಕಾರ್ಯಕ್ರಮದಲ್ಲಿ ಕುಸಿದು ತೀರಿಕೊಂಡಿದ್ದರು. ಮೂವತ್ತು ದಾಟಿ ಹೆಚ್ಚು ವರ್ಷ ಆಗಿರಲಿಲ್ಲ. ‘ಯಾರು ಮಗಾ ಅದು? ಊರೇ ಅಳ್ತಾ ಉಂಟಲ್ಲ’ ಎಂದು ಅವ್ವ ಕೇಳಿದರು. ನನಗೆ ಗೊತ್ತಿರಲಿಲ್ಲ.

ಗೊತ್ತಿರದೆ ಇದ್ದದ್ದು ನನ್ನ ಹಟದಿಂದ. ಜೀ ಕನ್ನಡದಲ್ಲಿ ‘ಕಾಮಿಡಿ ಕಿಲಾಡಿಗಳು’ ಎಂಬ ಆ ಹಾಸ್ಯ ಸ್ಪರ್ಧೆ ಶುರುವಾದದ್ದು 2016ರ ಅಕ್ಟೋಬರಿನಲ್ಲಿ. ಟಿವಿಯ ನಗೆ ಎಂದರೆ ಬರೀ ಗಲಾಟೆ ಎಂದುಕೊಂಡು ನಾನು ಚಾನೆಲ್ ತಿರುಗಿಸುತ್ತಿದ್ದೆ. ಆ ರಾತ್ರಿ ಮೊಬೈಲಿನಲ್ಲಿ ರಾಕೇಶರ ಒಂದು ಸ್ಕಿಟ್ ಹುಡುಕಿ ನೋಡಿದೆ. ಅದು ಮುಗಿಯಿತು, ಇನ್ನೊಂದು ನೋಡಿದೆ. ಮಲಗಿದಾಗ ಎರಡು ಗಂಟೆ ದಾಟಿತ್ತು.

ಆ ವರ್ಷ ಮಳೆ ಮೇ ಕೊನೆಯಲ್ಲೇ ಹಿಡಿಯಿತು. ಕೊಡಗಿನ ನಮ್ಮೂರು ಬಿಟ್ಟಂಗಾಲದ ಮಳೆಗಾಲದಲ್ಲಿ ತೋಟದ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಮರ ಬಿದ್ದು ತಂತಿ ಹರಿದರೆ ಕರೆಂಟೂ ಇಲ್ಲ. ಹಗಲು ಚಾರ್ಜ್ ಮಾಡಿಟ್ಟ ಮೊಬೈಲನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ, ಒಲೆಯ ಮುಂದೆ ನಾನೂ ಅವ್ವನೂ ಕೂರುತ್ತಿದ್ದೆವು. ಮೂರನೆಯ ಸೀಸನ್ನಿನಿಂದ ಹಿಂದಕ್ಕೆ ಹೋಗುತ್ತ ಮಳೆಯ ಕಕ್ಕಡ ತಿಂಗಳು ಮುಗಿಯುವಷ್ಟರಲ್ಲಿ ಮೊದಲನೆಯದಕ್ಕೆ ಬಂದಿದ್ದೆವು.

ನನ್ನನ್ನು ಹಿಡಿದು ಕೂರಿಸಿದ್ದು ಮೊದಲಿಗೆ ಮಾತು. ಮನೆಯಲ್ಲಿ ಕೊಡವ ತಕ್ಕ್ ಆಡಿ, ಶಾಲೆಯಲ್ಲಿ ಪುಸ್ತಕದ ಕನ್ನಡ ಕಲಿತವಳು ನಾನು. ಇಲ್ಲಿ ಮೊದಲ ಸೀಸನ್ ಗೆದ್ದ ಶಿವರಾಜ್ ಕೆ.ಆರ್. ಪೇಟೆ ತಮ್ಮ ಮಂಡ್ಯದ ಸೀಮೆಯ ಮಾತನ್ನೇ ತಂದಿದ್ದರು, ಅದೇ ಸೀಸನ್ನಿನ ನಯನಾ ಉತ್ತರ ಕರ್ನಾಟಕದ್ದನ್ನು, ರಾಕೇಶ್ ತುಳು ಸೋಕಿದ ಕರಾವಳಿಯದನ್ನು. ಯಾರೂ ತಮ್ಮ ಊರಿನ ಮಾತನ್ನು ಬಾಗಿಲ ಹೊರಗೆ ಬಿಟ್ಟು ಬಂದಿರಲಿಲ್ಲ.

ಎರಡನೆಯ ಸಲ ನೋಡುವಾಗ ಮಾತಾಡುವವರನ್ನು ಬಿಟ್ಟು ಪಕ್ಕದಲ್ಲಿ ಸುಮ್ಮನೆ ನಿಂತವರನ್ನು ನೋಡಿದೆ. ಕೆಲಸ ಕಂಡದ್ದು ಅಲ್ಲಿ. ಜನರ ನಗು ಇಳಿಯುವ ತನಕ ಕಾಯಬೇಕು, ತನಗೆ ಬಂದ ನಗುವನ್ನು ನುಂಗಬೇಕು, ಜೊತೆಯವನು ಮಾತು ಮರೆತರೆ ಎತ್ತಿಕೊಡಬೇಕು. ರಾಕೇಶ್ ಬೈಲೂರಿನ ಚೈತನ್ಯ ಕಲಾವಿದರು ತಂಡದ ನಾಟಕಗಳಿಂದ ಬಂದವರು. ನೇರ ಜನರೆದುರು ಆಡಿ ಪಳಗಿದ ಮೈ ಅದು. ಎರಡನೆಯ ಸೀಸನ್ನಿನಲ್ಲಿ ಗೆಲುವು ಸ್ವಲ್ಪದರಲ್ಲಿ ತಪ್ಪಿತು, 2020ರಲ್ಲಿ ಗೆದ್ದರು.

ಎಲ್ಲವೂ ಹಿಡಿಸಲಿಲ್ಲ. ಮೈಬಣ್ಣವನ್ನೋ ದೇಹವನ್ನೋ ಹೀಯಾಳಿಸುವ ಮಾತು ಬಂದಾಗ ‘ಇದನ್ನ ಓಡಿಸು’ ಎನ್ನುತ್ತಿದ್ದರು ಅವ್ವ. ಓಡಿಸುತ್ತಿದ್ದೆ.

ಒಂದು ಸಂಜೆ ಅವ್ವನೇ ಕುಂಡೆ ಹಬ್ಬದ ಮಾತೆತ್ತಿದರು. ಪ್ರತಿ ವರ್ಷ ಮೇ ತಿಂಗಳಲ್ಲಿ ನಮ್ಮ ತೋಟಗಳಲ್ಲಿ ದುಡಿಯುವ ಜೇನುಕುರುಬರು, ಯರವರು ವೇಷ ಕಟ್ಟಿ, ಗಂಡಸರು ಸೀರೆಯುಟ್ಟು, ಸೋರೆ ಬುರುಡೆ, ಡಬ್ಬ ಬಡಿಯುತ್ತ ದೇವರಪುರದ ಭದ್ರಕಾಳಿ ಗುಡಿಗೆ ಹೋಗುತ್ತಾರೆ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಬೈಯುತ್ತಾರೆ, ದೇವರನ್ನೂ ಬಿಡುವುದಿಲ್ಲ. ಬೈಸಿಕೊಂಡವರು ಕಾಸು ಕೊಟ್ಟು ಕಳಿಸುತ್ತಾರೆ. ‘ಅದು ಹರಕೆ ಅಲ್ವಾ? ಇದೂ ಹಾಗೇ’ ಎಂದರು ಮೊಬೈಲ್ ತೋರಿಸಿ. ಇಡೀ ವರ್ಷ ಬಾಗಿದ ಬೆನ್ನಿಗೆ ಒಂದು ದಿನ ನೆಟ್ಟಗೆ ನಿಲ್ಲಲು ನಗು ಬೇಕು ಎಂದು ಈ ನೆಲಕ್ಕೆ ಮೊದಲೇ ಗೊತ್ತಿತ್ತು. ಇಲ್ಲೇ ಹುಟ್ಟಿ ಬೆಳೆದ ನಾನು ನಗುವನ್ನು ಹಗುರ ಎಂದುಕೊಂಡದ್ದು ತಪ್ಪು.

ಅಕ್ಟೋಬರಿನಲ್ಲಿ ‘ಕಾಂತಾರ: ಚಾಪ್ಟರ್ 1’ ತೆರೆಗೆ ಬಂತು. ರಾಕೇಶ್ ಅದರಲ್ಲಿ ಇದ್ದಾರೆ. ಚಿತ್ರಮಂದಿರದಲ್ಲಿ ಅವರ ಮುಖ ಕಂಡಾಗ ಜನ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಅವರಿಗೆ ಕೇಳಿಸುವ ಹೊತ್ತು ಕಳೆದುಹೋಗಿತ್ತು.

ನಿಮ್ಮನ್ನು ನಗಿಸುವವರು ಈಗಲೂ ಯಾವುದೋ ವೇದಿಕೆಯ ಮೇಲೆ ಇದ್ದಾರೆ. ಹೋಗಿ ನೋಡಿ, ಅವರಿಗೆ ಕೇಳುವ ಹಾಗೆ ಚಪ್ಪಾಳೆ ತಟ್ಟಿ.