ಎರಡನೆಯ ಕಾರ್ಡು

ನಮ್ಮ ಮನೆಗೆ ಚೀಟಿ ಹಣ ಬರುವ ಮುಂಚೆಯೇ ಅದರ ಖರ್ಚು ಬಂದು ಬಾಗಿಲಲ್ಲಿ ಕುಳಿತಿರುತ್ತದೆ. ಆದರೆ 2022ರ ನವೆಂಬರಿನಲ್ಲಿ ಕೈಗೆ ಬಂದ 40,000 ರೂಪಾಯಿಗೆ ಒಬ್ಬನೇ ವಾರಸುದಾರ, ನನ್ನ ಮಗ. ಅದಕ್ಕೂ ಕಾರಣವಿತ್ತು.

ಬಾಶೆಟ್ಟಿಹಳ್ಳಿಯ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳಿದ್ದವು. 2020ರ ಲಾಕ್‌ಡೌನಿನಲ್ಲಿ ನಾಲ್ಕೂ ನಿಂತವು. ಮರುವರ್ಷ ಎರಡನ್ನು ಮಾರಿದೆವು, ಉಳಿದೆರಡರ ಮೇಲೆ ಸಾಲ ಉಳಿಯಿತು. ಆಗ ತಾನೇ ಡಿಪ್ಲೊಮಾ ಮುಗಿಸಿ ಇಲ್ಲಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದಕ್ಕೆ ಕಾಂಟ್ರಾಕ್ಟ್ ಮೇಲೆ ಸೇರಿದ್ದ ಮಗ, ಮೊದಲ ಆರು ತಿಂಗಳ ಸಂಬಳವನ್ನು ಒಂದು ಮಾತೂ ಆಡದೆ ಕಂತಿಗೆ ಕೊಟ್ಟ. ನನ್ನ ಕರುಳು ಚುರುಕ್ ಎಂದಿತು. "ಚೀಟಿ ಬಂದಾಗ ನಿನಗೇ ಕಣೋ. ಏನು ಬೇಕೋ ತಗೋ" ಎಂದು ಮಾತು ಕೊಟ್ಟೆ. ಸ್ಕೂಟರ್ ಕೇಳುತ್ತಾನೆ ಎಂದುಕೊಂಡಿದ್ದೆ.

ಅವನು ಕೇಳಿದ್ದು ಎರಡನೆಯ ಗ್ರಾಫಿಕ್ಸ್ ಕಾರ್ಡು.

ಮೊದಲನೆಯದು ಏನೆಂದೇ ನನಗೆ ಆಗ ಸರಿಯಾಗಿ ಗೊತ್ತಿರಲಿಲ್ಲ. ಅವನ ಕೋಣೆಯ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ ತೋರಿಸಿದ. ದಪ್ಪ ಪಂಚಾಂಗದಂಥ ಒಂದು ವಸ್ತು, ಅದಕ್ಕೆ ಎರಡು ಪುಟ್ಟ ಫ್ಯಾನು. ಪರದೆಯ ಮೇಲೆ ಕಾಣುವ ಚಿತ್ರವನ್ನೆಲ್ಲ ಬರೆಯುವುದು ಇದೇ ಅಂತೆ, ಸೆಕೆಂಡಿಗೆ ಅರವತ್ತು ಸಲ. ಹೆಸರು ಜಿಟಿಎಕ್ಸ್ 1070, ಮಾರುಕಟ್ಟೆಗೆ ಬಂದದ್ದು 2016ರಲ್ಲಿ, ಇವನು ಕೊಂಡದ್ದು ಸೆಕೆಂಡ್ ಹ್ಯಾಂಡ್. ದೊಡ್ಡಬಳ್ಳಾಪುರದ ಗೆಳೆಯನೊಬ್ಬ ಅದೇ ಜಾತಿಯ ಕಾರ್ಡನ್ನು 11,000ಕ್ಕೆ ಕೊಡುತ್ತಾನೆ, ಎರಡನ್ನೂ ಜೋಡಿಸಿದರೆ ಆಟ ಎರಡರಷ್ಟು ಚೆನ್ನಾಗಿ ಓಡುತ್ತದೆ ಎಂದು ಲೆಕ್ಕ ಹೇಳಿದ.

"ಆಟಕ್ಕೆ ಎರಡು ಎಂಜಿನ್ ಯಾಕೆ? ರೈಲಾ ಅದು?" ಎಂದರು ನಮ್ಮ ಮನೆಯವರು. ಮಗ್ಗ ಮಾರಿದ ಮೇಲೆ ಅಪ್ಪ ಮಗನ ಮಧ್ಯೆ ಮಾತು ಕಡಿಮೆಯಾಗಿತ್ತು. ಇದ್ದ ಮಾತೂ ನನ್ನ ಮೂಲಕವೇ ಹಾದು ಹೋಗುತ್ತಿತ್ತು. ಕೊಟ್ಟ ಮಾತು ನನ್ನದು, ಹಾಗಾಗಿ ವಿಚಾರಿಸುವ ಕೆಲಸವೂ ನನ್ನದೇ ಆಯಿತು.

ಕೌಪೀನ ಕಾಯಲು ಬೆಕ್ಕು, ಬೆಕ್ಕಿಗೆ ಹಾಲೆಂದು ಹಸು, ಹಸು ನೋಡಿಕೊಳ್ಳಲು ಹೆಂಡತಿ ಎಂದು ಸಂಸಾರಕ್ಕೆ ಬಿದ್ದ ಸನ್ಯಾಸಿಯ ಕಥೆ ನಿಮಗೆ ಗೊತ್ತಿದೆಯಲ್ಲ? ಇಲ್ಲೂ ಅದೇ. ಒಂದೊಂದು ಕಾರ್ಡೂ 150 ವ್ಯಾಟ್ ಕುಡಿಯುತ್ತದೆ, ಹಾಗಾಗಿ ಪವರ್ ಸಪ್ಲೈ ದೊಡ್ಡದು ಬೇಕು. ಇವನ ಮದರ್‌ಬೋರ್ಡಿನಲ್ಲಿ ಎರಡನೆಯ ಕಾರ್ಡು ಕೂರುವ ಜಾಗವೇನೋ ಇದೆ, ಆದರೆ ಇಬ್ಬರೂ ಸೇರಿ ಕೆಲಸ ಮಾಡಲು ಆ ಬೋರ್ಡಿಗೆ ಅನುಮತಿ ಇಲ್ಲವಂತೆ. ಅಂದರೆ ಬೋರ್ಡೂ ಬೇರೆ ಬೇಕು. ಎರಡನ್ನೂ ಬೆಸೆಯಲು ಒಂದು ಸೇತುವೆಯಂಥ ತುಂಡು ಬೇಕು. ಹನ್ನೊಂದು ಸಾವಿರ ನೋಡನೋಡುತ್ತ ಇಪ್ಪತ್ತಾರು ಸಾವಿರವಾಯಿತು.

"ಇದರಲ್ಲಿ 8 ಜಿಬಿ, ಅದರಲ್ಲಿ 8. ಹಾಗಾದರೆ ಹದಿನಾರಾಯಿತಲ್ಲ?" ಎಂದೆ, ನನಗೂ ಸ್ವಲ್ಪ ತಿಳಿದಿದೆ ಎಂದು ತೋರಿಸಲು.

"ಇಲ್ಲಮ್ಮ, ಎಂಟೇ. ಒಂದರಲ್ಲಿ ಇರೋದೆಲ್ಲ ಇನ್ನೊಂದರಲ್ಲೂ ಇರಬೇಕು."

ಇದು ನನಗೆ ಥಟ್ಟನೆ ಅರ್ಥವಾಯಿತು. ಅಣ್ಣತಮ್ಮಂದಿರು ಬೇರೆಯಾದರೆ ಎರಡು ಅಡುಗೆಮನೆಗೂ ಎರಡು ಒಗ್ಗರಣೆ ಡಬ್ಬಿ, ಎರಡರಲ್ಲೂ ಅದೇ ಸಾಸಿವೆ, ಅದೇ ಜೀರಿಗೆ. ಡಬ್ಬಿ ಎರಡಾದ ಮಾತ್ರಕ್ಕೆ ಸಾರಿಗೆ ಹೊಸ ರುಚಿ ಬರುವುದಿಲ್ಲ.

ಇಬ್ಬರೂ ಕೆಲಸ ಹಂಚಿಕೊಳ್ಳುವುದು ಹೇಗೆ ಎಂದು ಕೇಳಿದೆ. ಒಂದು ಚಿತ್ರ ಇದು ಬರೆದರೆ ಮುಂದಿನದನ್ನು ಅದು, ಅದರ ಮುಂದಿನದನ್ನು ಮತ್ತೆ ಇದು. ಮೊದಮೊದಲು, 1998ರಲ್ಲಿ, 3ಡಿಎಫ್‌ಎಕ್ಸ್ ಎಂಬ ಅಮೆರಿಕದ ಕಂಪನಿಯ ವೂಡೂ 2 ಎಂಬ ಕಾರ್ಡುಗಳು ಒಂದೇ ಚಿತ್ರದ ಗೆರೆಗಳನ್ನೇ ಹಂಚಿಕೊಳ್ಳುತ್ತಿದ್ದವಂತೆ. ಬೆಸ ಗೆರೆ ಒಂದಕ್ಕೆ, ಸಮ ಗೆರೆ ಇನ್ನೊಂದಕ್ಕೆ. ಆ ಕಂಪನಿಯ ಆಸ್ತಿಯನ್ನು ಎನ್‌ವಿಡಿಯಾ ಕೊಂಡುಕೊಂಡು, 2004ರಲ್ಲಿ ಎಸ್‌ಎಲ್‌ಐ ಎಂಬ ಅದೇ ಹೆಸರಿನಲ್ಲಿ ಜೋಡಿ ಕಾರ್ಡನ್ನು ಮತ್ತೆ ತಂದಿತು.

ಗೆರೆ ಹಂಚಿಕೊಳ್ಳುವುದು ಎಂದಾಗ ನನಗೆ ನೆನಪಾದದ್ದು ನನ್ನ ತವರು ಮೊಳಕಾಲ್ಮೂರು. ಅಪ್ಪನದು ಗುಂಡಿ ಮಗ್ಗ. ಅಂಚು ಬೇರೆ ಬಣ್ಣದ ಸೀರೆಯಾದರೆ ಮೂರು ಲಾಳಿ: ಒಡಲಿಗೆ ಒಂದು, ಎರಡು ಅಂಚಿಗೆ ಎರಡು. ಅಪ್ಪನ ಬಲಗಡೆ ಕುಳಿತು ಆ ಕಡೆಯ ಅಂಚಿನ ಲಾಳಿ ಎಸೆಯುವುದು ನನ್ನ ಕೆಲಸ. ಶಾಲೆಯಿಂದ ಬಂದು ಕುಳಿತರೆ ದೀಪ ಹಚ್ಚುವ ತನಕ. ಜೊತೆಗೆ ನಾನು ಕುಳಿತೆನೆಂದು ಅಪ್ಪನ ಸೀರೆ ಎರಡರಷ್ಟು ಬೇಗ ಮುಗಿಯುತ್ತಿತ್ತೇ? ಎಲ್ಲಿಯದು! ನನಗೆ ತೂಕಡಿಕೆ ಬಂದರೆ ಅಪ್ಪನ ಕೈಯೂ ನಿಲ್ಲುತ್ತಿತ್ತು. ಆಕಳಿಸಿ ತಡವಾಗಿ ಎಸೆದರೆ ಆ ಜಾಗದಲ್ಲಿ ನೇಯ್ಗೆ ಬಿಗಿ ತಪ್ಪುತ್ತಿತ್ತು, ಅಮ್ಮ ಅದನ್ನು ಬೆರಳಲ್ಲೇ ಹುಡುಕಿ ಹೇಳುತ್ತಿದ್ದಳು.

ಮಗನಿಗೆ ಇದನ್ನು ಹೇಳಿದಾಗ ಅವನು ನನ್ನ ಮುಖವನ್ನೇ ನೋಡಿದ. ಕಾರ್ಡುಗಳ ಕಾಯಿಲೆಯೂ ಅದೇ ಅಂತೆ. ಎರಡೂ ಸಮನಾಗಿ ಹೆಜ್ಜೆ ಹಾಕದೆ ಒಂದು ಚಿತ್ರ ಬೇಗ, ಮುಂದಿನದು ತಡವಾಗಿ ಬಂದರೆ, ಲೆಕ್ಕದಲ್ಲಿ ಸಂಖ್ಯೆ ಜಾಸ್ತಿ ಇದ್ದರೂ ಕಣ್ಣಿಗೆ ಎಡವಿದಂತೆ ಕಾಣುತ್ತದೆ.

ಆಮೇಲೆ, ಹೆಂಗಸರು ಸೀರೆ ಅಂಗಡಿಯಲ್ಲಿ ಕೇಳುವಂಥ ಪ್ರಶ್ನೆಯೊಂದನ್ನು ಕೇಳಿದೆ. "ನಿನ್ನ ಗೆಳೆಯನ ಹತ್ತಿರ ಈ ಕಾರ್ಡು ಎಷ್ಟಿವೆ?"

"ಎರಡು."

"ಜೋಡಿ ಇಟ್ಟುಕೊಂಡವನೇ ಒಂದನ್ನು ಮಾರುತ್ತಿದ್ದಾನಲ್ಲ, ಯಾಕೆ ಅಂತ ಕೇಳಿದೆಯಾ?"

ಅವನು ಕೇಳಿರಲಿಲ್ಲ. ಕಾರ್ಡುಗಳ ಬೆಲೆ ಇಳಿಯುತ್ತಿದೆ, ಅದಕ್ಕೇ ಅವಸರ ಎಂದಷ್ಟೇ ಹೇಳಿದ. ಅದೂ ಸುಳ್ಳಲ್ಲ. ಈಥರ್ ಎಂಬ ಡಿಜಿಟಲ್ ನಾಣ್ಯ ಗಳಿಸಲು ಜನ ರಾಶಿಗಟ್ಟಲೆ ಕಾರ್ಡು ಕೊಂಡಿದ್ದರು. 2022ರ ಸೆಪ್ಟೆಂಬರಿನಲ್ಲಿ ಆ ನಾಣ್ಯಕ್ಕೆ ಕಾರ್ಡಿನ ಅಗತ್ಯವೇ ಇಲ್ಲದಂತಾಗಿ ಹಳೆಯ ಕಾರ್ಡುಗಳು ಮಾರಾಟಕ್ಕೆ ಬಂದಿದ್ದವು.

ಒಂದು ಭಾನುವಾರ ನಾನೂ ಅವನ ಹಿಂದೆ ಬೈಕಿನಲ್ಲಿ ಕುಳಿತು ಹೋದೆ. ಗೆಳೆಯನ ತಾಯಿ ಕಾಫಿ ಕೊಟ್ಟರು, "ಮಕ್ಕಳ ಆಟಕ್ಕೆ ನೀವೂ ಬಂದಿರಾ" ಎಂದು ನಕ್ಕರು. ಮೊದಲು ಜಿಟಿಎ 5 ಹಾಕಿದರು, 2015ರಲ್ಲಿ ಕಂಪ್ಯೂಟರಿಗೆ ಬಂದ ಆಟ. ಮೂಲೆಯ ಸಂಖ್ಯೆ ಒಂದೇ ಕಾರ್ಡಿನಲ್ಲಿ 55ರ ಸುತ್ತ ಇದ್ದದ್ದು ಎರಡರಲ್ಲಿ 90 ದಾಟಿತು. ಮಗನ ಮುಖ ಅರಳಿತು. ಆಮೇಲೆ ಸೈಬರ್‌ಪಂಕ್ 2077, 2020ರ ಡಿಸೆಂಬರಿನದು. ಒಂದರಲ್ಲಿ ಎಷ್ಟೋ ಎರಡರಲ್ಲೂ ಅಷ್ಟೇ. ನಾನು ಬಗ್ಗಿ ಪೆಟ್ಟಿಗೆಯೊಳಗೆ ನೋಡಿದೆ. ಒಂದು ಕಾರ್ಡಿನ ಫ್ಯಾನು ಸುಂಯ್ ಎನ್ನುತ್ತಿತ್ತು, ಇನ್ನೊಂದರದು ತಿರುಗುತ್ತಲೇ ಇರಲಿಲ್ಲ.

ಗೆಳೆಯ ಪ್ರಾಮಾಣಿಕ ಹುಡುಗ. "ಹೊಸ ಆಟಗಳಲ್ಲಿ ಹೀಗೇ ಆಂಟಿ" ಎಂದು ಒಪ್ಪಿಕೊಂಡ. ಮೊದಲು ಎರಡು ಕಾರ್ಡನ್ನು ಹೊಂದಿಸಿಕೊಂಡು ಹೋಗುವ ಕೆಲಸ ಹೆಚ್ಚಾಗಿ ಕಾರ್ಡಿನ ಕಂಪನಿಯದೇ ಆಗಿತ್ತು, ಒಂದೊಂದು ಆಟಕ್ಕೂ ಬೇರೆ ಬೇರೆ ಹೊಂದಾಣಿಕೆ ಬರೆದು ಕೊಡುತ್ತಿದ್ದರು. 2015ರಲ್ಲಿ ಡೈರೆಕ್ಟ್‌ಎಕ್ಸ್ 12 ಬಂದ ಮೇಲೆ ಆ ಹೊರೆ ಆಟ ಮಾಡುವವರ ತಲೆಗೆ ಬಂತು. ಜೋಡಿ ಕಾರ್ಡು ಇಟ್ಟುಕೊಂಡವರು ಎಷ್ಟು ಜನ, ಅವರಿಗಾಗಿ ಯಾರು ಇಷ್ಟು ದುಡಿಯುತ್ತಾರೆ? 2021ರ ಜನವರಿ 1ರಿಂದ ಇಂಥ ಹಳೆಯ ಕಾರ್ಡುಗಳಿಗೆ ಹೊಸ ಹೊಂದಾಣಿಕೆ ಬರೆಯುವುದನ್ನು ಎನ್‌ವಿಡಿಯಾವೇ ನಿಲ್ಲಿಸಿತು. 2022ರ ಅಕ್ಟೋಬರಿನಲ್ಲಿ ಬಂದ 4090 ಎಂಬ ಅತಿ ದುಬಾರಿ ಕಾರ್ಡಿಗೂ ಜೋಡಿಸುವ ಕೊಂಡಿ ಇಲ್ಲ. ಸಿನಿಮಾದ ಗ್ರಾಫಿಕ್ಸ್ ಮಾಡುವವರು, ಎಐ ಕೆಲಸದವರು ಈಗಲೂ ಹಲವು ಕಾರ್ಡು ಒಟ್ಟಿಗೆ ದುಡಿಸುತ್ತಾರಂತೆ. ಆಟಕ್ಕೆ ಮಾತ್ರ ಆ ಕಾಲ ಮುಗಿದಿದೆ.

ಹಿಂದಿರುಗುವಾಗ ಹಿಂದೂಪುರ ರಸ್ತೆಯ ಬದಿಯಲ್ಲಿ ಎಳನೀರಿಗೆಂದು ನಿಂತೆವು. "ನಿನಗೆ ಇದೆಲ್ಲ ಮೊದಲೇ ಗೊತ್ತಿತ್ತು, ಅಲ್ವೇನೋ?" ಎಂದೆ.

ಸ್ವಲ್ಪ ಹೊತ್ತು ಬಿಟ್ಟು ಹೇಳಿದ. 2014ರಲ್ಲಿ, ಹೈಸ್ಕೂಲಿನಲ್ಲಿದ್ದಾಗ, ಅವನ ಮಾವ ಬೆಂಗಳೂರಿನ ಎಸ್.ಪಿ. ರಸ್ತೆಗೆ ಕರೆದುಕೊಂಡು ಹೋಗಿದ್ದನಂತೆ. ಅಲ್ಲೊಂದು ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಎರಡು ಕಾರ್ಡು, ಮೇಲೊಂದು ಸೇತುವೆ, ನೀಲಿ ದೀಪ. "ದುಡಿಯೋಕೆ ಶುರು ಮಾಡಿದಾಗ ಇದನ್ನೇ ತಗೋಬೇಕು ಅಂದ್ಕೊಂಡಿದ್ದೆ ಕಣಮ್ಮ."

ಏನು ಹೇಳುವುದು? ನಾನು ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಮೈಸೂರು ರೇಷ್ಮೆ ಸೀರೆಯ ಬಣ್ಣವನ್ನು ಮನಸ್ಸಿನಲ್ಲಿ ಇಟ್ಟುಕೊಂಡವಳು, ಇಪ್ಪತ್ತು ವರ್ಷ ಕಳೆದು ಕೊಂಡಾಗ ಅದು ನನ್ನ ಮೈಬಣ್ಣಕ್ಕೆ ಒಪ್ಪಲೇ ಇಲ್ಲ. ಆದರೂ ಉಟ್ಟೆ. "ಬೇಕಿದ್ದರೆ ತಗೋ, ಕೊಟ್ಟ ಮಾತಿಗೆ ನಾನು ತಪ್ಪಲ್ಲ" ಎಂದೆ. ಅವನು ಎಳನೀರಿನ ಗಂಜಿ ಕೆರೆಯುತ್ತ ಸುಮ್ಮನಿದ್ದ. ಗೆಳೆಯನಿಗೆ ಬೇಡವೆಂದು ಅವನೇ ಫೋನ್ ಮಾಡಿದ್ದು ಎರಡು ದಿನ ಬಿಟ್ಟು.

2023ರ ಯುಗಾದಿಗೆ ಹಳೆಯ ಕಾರ್ಡನ್ನು ಮಾರಿ, ಚೀಟಿ ಹಣ ಸೇರಿಸಿ, ಆರ್‌ಟಿಎಕ್ಸ್ 3060 ಎಂಬ ಒಂದೇ ಹೊಸ ಕಾರ್ಡು ತಂದ. 12 ಜಿಬಿ, 170 ವ್ಯಾಟ್. ಇದ್ದ ಪವರ್ ಸಪ್ಲೈಯೇ ಸಾಕಾಯಿತು, ಬೋರ್ಡೂ ಅದೇ. ಮಿಕ್ಕ ಹಣದಲ್ಲಿ ಎಡಗಡೆಯ ಮಗ್ಗದ ಮೋಟಾರು ರಿಪೇರಿ ಮಾಡಿಸಿದ, ಯಾರೂ ಹೇಳದೆ.

ಹೊಸ ಕಾರ್ಡು ಕೂರಿಸುವ ದಿನ ನಮ್ಮ ಮನೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಮೆಲ್ಲಗೆ ಒಳಗೆ ಬಂದು ಟಾರ್ಚು ಹಿಡಿದರು. ಸ್ಕ್ರೂ ಬಿಗಿಯುತ್ತಿದ್ದ ಮಗನನ್ನು ಕೇಳಿದರು, ನನ್ನ ಮೂಲಕ ಅಲ್ಲ, ನೇರವಾಗಿ: "ಕೆಳಗೆ ಇನ್ನೊಂದು ಜಾಗ ಖಾಲಿ ಇದೆಯಲ್ಲೋ?"

"ಇರಲಿ ಬಿಡಪ್ಪ. ಗಾಳಿ ಆಡುತ್ತೆ" ಎಂದ ಅವನು.