ಬೂದಿ ಬಣ್ಣದ ಕ್ಯಾಪು

ಹೋದ ಬೇಸಿಗೆಯಲ್ಲಿ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ಊರು ಅಂದ್ರೆ ಚಿಮ್ಮಡ. ಬನಹಟ್ಟಿ, ಮಹಾಲಿಂಗಪುರ ಕಡೆಯವರಿಗೆ ಗೊತ್ತಿರುತ್ತೆ, ಉಳಿದವರು "ಎಲ್ಲಿ ಬರುತ್ತೆ ಅದು?" ಅಂತಾರೆ. ಸುತ್ತಲೂ ಕಬ್ಬು. ಆ ಕಬ್ಬು ಬೆಳೆಯೋ ನಮ್ಮಪ್ಪನಿಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ. ಈ ಜೋಕನ್ನು ನನಗಿಂತ ಮೊದಲು ಅಪ್ಪನೇ ಊರಿಗೆಲ್ಲ ಹೇಳಿ ಮುಗಿಸಿದ್ದಾನೆ :-)

ನಾನು ಹೋದ ಸಂಜೆ ಅಪ್ಪ ರಿಪೋರ್ಟ್ ಹಿಡ್ಕೊಂಡು ಬಾಗಿಲಲ್ಲೇ ನಿಂತಿದ್ದ. "ನೋಡಪಾ, 104!" ಖಾಲಿ ಹೊಟ್ಟೆಯ ಶುಗರ್. ಯಾವಾಗಲೂ 150ರ ಆಸುಪಾಸು ಇರುತ್ತಿದ್ದದ್ದು. "ಇನ್ನ ಗುಳಿಗಿ ಬಿಟ್ಟಬಿಡ್ತೀನಿ" ಅಂದ. ಅವ್ವ ಆಗಲೇ ಶೇಂಗಾ ಹೋಳಿಗೆಗೆ ಬೆಲ್ಲ ಕುಟ್ಟುತ್ತಿದ್ದಳು. ನಾನಾದರೂ ತಡೀಬೇಕಿತ್ತು. ಇಲ್ಲ... ಮೊಬೈಲಲ್ಲಿ ಹುಡುಕಿ, 126 ದಾಟಿದರೆ ಮಾತ್ರ ಡಯಾಬಿಟಿಸ್ ಅಂತ ಬರೆದಿದ್ದನ್ನು ಓದಿ ಹೇಳಿ, ಅಪ್ಪನ ಧೈರ್ಯ ಹೆಚ್ಚಿಸಿದವನೇ ನಾನು.

ತಡೆದದ್ದು ಕಾಕಾನ ಮಗಳು. ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನಲ್ಲಿ ಎಂಬಿಬಿಎಸ್ ಮೊದಲ ವರ್ಷ. ಆ ಕಾಲೇಜು ಶುರುವಾಗಿದ್ದು 2002ರಲ್ಲಿ. ಅದಕ್ಕೂ ಮೊದಲು ನಮ್ಮ ಕಡೆಯವರು ಡಾಕ್ಟರ್ ಓದಬೇಕಂದ್ರೆ ಹುಬ್ಬಳ್ಳಿ, ಬೆಳಗಾವಿ, ಇಲ್ಲಾ ವಿಜಯಪುರ ಅಂತ ಹೋಗ್ತಿದ್ರು. ಅವಳೂ ರಜೆಗೆ ಬಂದಿದ್ದಳು. ರಿಪೋರ್ಟ್ ನೋಡಿ ಖುಷಿಪಡೋದು ಬಿಟ್ಟು ಪೊಲೀಸರ ಹಾಗೆ ಕೇಳಿದಳು.

"ದೊಡ್ಡಪ್ಪಾ, ರಗತ ಎಷ್ಟೊತ್ತಿಗಿ ತಗೊಂಡ?"

"ಮುಂಜಾನೆ ಏಳಕ್ಕ. ಲ್ಯಾಬಿನ ಹುಡುಗ ಮನಿಗೇ ಬಂದಿದ್ದ."

"ಯಾವ ಬಣ್ಣದ ಕ್ಯಾಪಿತ್ತು?"

"ಕ್ಯಾಪ್ ಎಲ್ಲಿದವ್ವಾ, ಹೆಲ್ಮೆಟ್ಟೂ ಹಾಕಿದ್ದಿಲ್ಲ ಅಂವಾ!"

ನಾವೆಲ್ಲ ನಕ್ಕೆವು. ಅವಳು ಕೇಳಿದ್ದು ರಕ್ತದ ಟ್ಯೂಬಿನ ಮುಚ್ಚಳದ ಬಣ್ಣ. ಅವ್ವನಿಗೆ ನೆನಪಿತ್ತು, ಕೆಂಪು. ಆ ಹುಡುಗ ಇನ್ನೂ ನಾಲ್ಕು ಊರು ಸುತ್ತಿ, ಬೈಕಿನ ಡಿಕ್ಕಿಯಲ್ಲಿ ಟ್ಯೂಬುಗಳನ್ನಿಟ್ಟುಕೊಂಡು ಲ್ಯಾಬ್ ಮುಟ್ಟೋದು ಹನ್ನೆರಡಕ್ಕಂತೆ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಲ್ಲ.

ಅವಳು ಹೇಳಿದ್ದು ಇಷ್ಟು. ಮೈಯಿಂದ ಹೊರಗೆ ಬಂದರೂ ರಕ್ತದ ಕಣಗಳು ಟ್ಯೂಬಿನೊಳಗೆ ಬದುಕಿಯೇ ಇರುತ್ತವೆ, ಅಲ್ಲಿರೋ ಸಕ್ಕರೆಯನ್ನೇ ತಿನ್ನುತ್ತವೆ. ಕಣ ಬೇರೆ ಮಾಡದೆ ಹಾಗೇ ಇಟ್ಟರೆ ಸಾಧಾರಣ ಕೋಣೆಯಲ್ಲೇ ಗಂಟೆಗೆ ನೂರಕ್ಕೆ ಐದರಿಂದ ಏಳರಷ್ಟು ಸಕ್ಕರೆ ಕಡಿಮೆಯಾಗುತ್ತೆ, ಸೆಕೆಯಲ್ಲಿ ಇನ್ನೂ ಜಾಸ್ತಿ. ಅದಕ್ಕೇ ಸಕ್ಕರೆ ಪರೀಕ್ಷೆಗೆ ಬೂದಿ ಬಣ್ಣದ ಕ್ಯಾಪಿನ ಟ್ಯೂಬು. ಅದರಲ್ಲಿ ಸೋಡಿಯಂ ಫ್ಲೋರೈಡ್ ಇರುತ್ತೆ, ಕಣಗಳ ಊಟ ನಿಲ್ಲಿಸುತ್ತೆ. ಅದೂ ತಕ್ಷಣ ಅಲ್ಲ, ಪೂರ್ತಿ ನಿಲ್ಲೋಕೆ ಒಂದೆರಡು ಗಂಟೆ ಬೇಕು.

ನಾನು ಕ್ಯಾಲ್ಕುಲೇಟರ್ ತೆಗೆದೆ. 150, ಗಂಟೆಗೆ ಶೇಕಡಾ 7, ಐದು ಗಂಟೆ... 104! ಎದೆ ಧಸಕ್ ಅಂತು. ಅವಳು ಮಾತ್ರ, "ಉತ್ತರ ನೋಡಿ ಹಿಂದಿನಿಂದ ಲೆಕ್ಕಾ ಹಾಕಬ್ಯಾಡ ಅಣ್ಣಾ. ನಾಳೆ ಮತ್ತ ರಗತ ಕೊಡೋಣು" ಅಂದಳು.

ಈ ಮಾತು ಸರಿಯಾಗಿ ತಾಗಿತು. ಇಂಜಿನಿಯರಿಂಗ್ ಲ್ಯಾಬಿನಲ್ಲಿ ನಾವು ಮಾಡಿದ್ದೇ ಅದು ತಾನೆ? ಸೀನಿಯರ್ ಜರ್ನಲ್ ನೋಡಿ ಉತ್ತರ ಮೊದಲು, ರೀಡಿಂಗ್ ಆಮೇಲೆ. ಆ ರಾತ್ರಿ ಮಾಳಿಗೆ ಮೇಲೆ ಕೂತು ಅವಳ ಪ್ರಾಕ್ಟಿಕಲ್ ಕಥೆ ಕೇಳಿದೆ. ಮೊದಲು ಮೂತ್ರ ಪರೀಕ್ಷೆ. ಬೆನೆಡಿಕ್ಟ್ ದ್ರಾವಣ 5 ಎಂಎಲ್, ಮೂತ್ರ ಎಂಟು ಹನಿ, ಎರಡು ನಿಮಿಷ ಕುದಿಸೋದು. ನೀಲಿ ಹಾಗೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕಿತ್ತಳೆ ಆಗ್ತಾ ಇಟ್ಟಿಗೆ ಕೆಂಪಿಗೆ ಬಂದರೆ ಸಕ್ಕರೆ ಸಿಕ್ಕಾಪಟ್ಟೆ. ಆಮೇಲೆ ರಕ್ತದ ಗ್ಲೂಕೋಸ್. ಒಂದು ಕಿಣ್ವ ಗ್ಲೂಕೋಸನ್ನು ಒಡೆದು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತೆ, ಇನ್ನೊಂದು ಅದರಿಂದ ಗುಲಾಬಿ ಬಣ್ಣ ಬರಿಸುತ್ತೆ. ಬಣ್ಣ ಎಷ್ಟು ಗಾಢವೋ ಸಕ್ಕರೆ ಅಷ್ಟು. ಗೊತ್ತಿರುವ 100ರ ದ್ರಾವಣದ ಪಕ್ಕ ಇಟ್ಟು ಅಳೆಯೋದು.

ಅವಳಿಗೆ ಮೊದಲ ಸಲ 31 ಬಂತಂತೆ. ಬರೆದುಕೊಂಡು ಹೋಗಿ ತೋರಿಸಿದಾಗ ಮೇಡಂ ಕೇಳಿದ್ದು ಒಂದೇ ಪ್ರಶ್ನೆ. "ಈ ಪೇಷಂಟ್ ಎದ್ದು ಕೂತಾನೋ, ಮೂರ್ಛೆ ಹೋಗ್ಯಾನೋ?" ಪಿಪೆಟ್ ಹಿಡಿಯೋದರಲ್ಲಿ ತಪ್ಪಾಗಿತ್ತು. ಮುಂದಿನ ವಾರ ಅವರು ಒಬ್ಬರದೇ ರಕ್ತವನ್ನು ಎರಡು ಟ್ಯೂಬಿಗೆ ಹಾಕಿಸಿದರು, ಒಂದರಲ್ಲಿ ಫ್ಲೋರೈಡ್, ಒಂದರಲ್ಲಿ ಇಲ್ಲ. ಎರಡನ್ನೂ ಬೆಳಿಗ್ಗೆ ಹಾಗೇ ಇಟ್ಟು ಮಧ್ಯಾಹ್ನ ಅಳೆಸಿದರು. ಒಬ್ಬನೇ ಮನುಷ್ಯ, ಎರಡು ಸಂಖ್ಯೆ.

"ಡಾಕ್ಟರ್ ಆದಮ್ಯಾಲೆ ಇದನ್ನೆಲ್ಲ ಟೆಕ್ನಿಷಿಯನ್ ಮಾಡ್ತಾರ, ಮಷೀನ್ ಮಾಡ್ತದ. ನಿಮಗ್ಯಾಕ ಈ ತ್ರಾಸು?" ಅಂತ ಕೇಳಿದೆ. 2019ರಲ್ಲಿ ಬಂದ ಪಠ್ಯಕ್ರಮದಲ್ಲೂ ಮೂತ್ರ ಪರೀಕ್ಷೆಯಂಥದ್ದನ್ನು ವಿದ್ಯಾರ್ಥಿ ಕೈಯಾರೆ ಮಾಡಲೇಬೇಕಂತೆ. ಅವಳು ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು, "ನಾ ಮಾಡಿದ್ದ 31 ತಪ್ಪಾಗಿತ್ತಲ್ಲ ಅಣ್ಣಾ. ಇಲ್ಲಾಂದ್ರ ದೊಡ್ಡಪ್ಪನ 104 ನೋಡಿ ನಾನೂ ಹೋಳಿಗಿ ತಿಂತಿದ್ದೆ."

ಮರುದಿನ ಅಪ್ಪನನ್ನು ಬೈಕಲ್ಲಿ ಕೂರಿಸ್ಕೊಂಡು ಅದೇ ಲ್ಯಾಬಿಗೆ ಹೋದ್ವಿ. ಮಷೀನ್ ಅದೇ, ಜನ ಅವರೇ. ರಕ್ತ ಮಾತ್ರ ಅಲ್ಲೇ ಕೊಟ್ಟು, ತಕ್ಷಣ ಕಣ ಬೇರೆ ಮಾಡಿಸಿದ್ವಿ. 148. ಎರಡು ಮೂರು ತಿಂಗಳ ಸರಾಸರಿ ಹೇಳೋ ಎಚ್‌ಬಿಎ1ಸಿ ಕೂಡ ಮಾಡಿಸಿದಳು, 7.9. ಮಷೀನಿನ ತಪ್ಪೇನೂ ಇರಲಿಲ್ಲ, ಟ್ಯೂಬಿನಲ್ಲಿ ಏನಿತ್ತೋ ಅದನ್ನೇ ಹೇಳಿತ್ತು. ನಮ್ಮ ಸಾಫ್ಟ್‌ವೇರಿನಲ್ಲೂ ಹೀಗೇ, ಪ್ರೋಗ್ರಾಂ ಸರಿ ಇದ್ದು ಒಳಗೆ ಹೋದ ಡೇಟಾ ಕೆಟ್ಟಿರುತ್ತೆ. ಆಫೀಸಲ್ಲಿ ದಿನಾ ಅದನ್ನೇ ಹುಡುಕುವವನಿಗೆ ಅಪ್ಪನ ವಿಷಯದಲ್ಲಿ ಹೊಳೆಯಲೇ ಇಲ್ಲ. ಬೇಕಾಗಿದ್ದ ಉತ್ತರ ಬಂದಾಗ ಯಾರು ಪ್ರಶ್ನೆ ಕೇಳ್ತಾರೆ ಹೇಳಿ...

ವಾಪಸ್ ಬರುವಾಗ ಅಪ್ಪ ಮಾತಾಡಲಿಲ್ಲ. ಮನೆಗೆ ಬಂದು ಸುಮ್ಮನೆ ಗುಳಿಗೆ ನುಂಗಿದ. ಹೋಳಿಗೆ ನಮ್ಮಿಬ್ಬರ ಪಾಲಾಯ್ತು, ತಿನ್ನೋಕೆ ಮನಸ್ಸೇ ಬರಲಿಲ್ಲ.

ನಿಮ್ಮ ಮನೆಯಲ್ಲೂ ಅಪ್ಪ ಅಮ್ಮನ ರಿಪೋರ್ಟ್ ಬಂದರೆ ಎಷ್ಟು ಬಂತು ಅಂತ ಕೇಳೋ ಜೊತೆಗೆ ರಕ್ತ ಎಷ್ಟು ಹೊತ್ತಿಗೆ ತೆಗೆದರು, ಎಷ್ಟು ಹೊತ್ತಿಗೆ ಲ್ಯಾಬ್ ಮುಟ್ಟಿತು ಅಂತಲೂ ಕೇಳಿ. ಮೊನ್ನೆ ಫೋನ್ ಮಾಡಿದ್ದಾಗ ಅವ್ವ ಹೇಳ್ತಿದ್ದಳು. ಲ್ಯಾಬಿನ ಹುಡುಗ ಬಂದರೆ ಅಪ್ಪ ತೋಳು ಚಾಚೋ ಮೊದಲೇ ಕೇಳ್ತಾನಂತೆ, "ತಮ್ಮಾ, ಬೂದಿ ಬಣ್ಣದ ಕ್ಯಾಪ್ ತಂದಿಯೇನ?"