ಪಿಸುದನಿಯಲ್ಲಿ ಕೇಳುವ ಟ್ಯೂಬು

ನೆಲಮಂಗಲದಲ್ಲಿ ಸಂಜೆ ಏಳು ಗಂಟೆ. ಒಂದು ದಾರಿ ತುಮಕೂರಿಗೆ, ಇನ್ನೊಂದು ಕುಣಿಗಲ್ ಮೇಲೆ ಹಾಸನಕ್ಕೆ. ಎರಡರಲ್ಲೂ ಲಾರಿಗಳ ಸಾಲು. ನೀವು ತಲೆನೋವಿನ ಮಾತ್ರೆಗೆಂದು ಮೆಡಿಕಲ್ ಸ್ಟೋರಿನ ಮುಂದೆ ನಿಂತಿದ್ದೀರಿ. ಪಕ್ಕದಲ್ಲೊಬ್ಬ ಡ್ರೈವರ್ ಸುಮ್ಮನೆ ಮೊಬೈಲ್ ಉಜ್ಜುತ್ತಿದ್ದಾನೆ. ಹೆಂಗಸರಿಬ್ಬರು ಔಷಧಿ ತಗೊಂಡು ಹೋದ ಮೇಲೆಯೇ ಕೌಂಟರಿಗೆ ಬಾಗುತ್ತಾನೆ.

“ಅಣ್ಣಾ, ತೊಡೆ ಸಂದೀಲಿ ನವೆ. ಹೋದ್ಸಲ ಕೊಟ್ರಲ್ಲ, ಅದೇ ಟ್ಯೂಬ್ ಕೊಡಿ.”

ಚೀಟಿ ಯಾರೂ ಕೇಳುವುದಿಲ್ಲ. ಟ್ಯೂಬು ಜೇಬು ಸೇರುತ್ತದೆ.

ಅದರ ಸಣ್ಣಕ್ಷರ ಓದಿದರೆ ಕಾಣುವುದು: ಒಂದು ಫಂಗಸ್ ಔಷಧಿ, ಒಂದು ಆಂಟಿಬಯಾಟಿಕ್, ಜೊತೆಗೆ ಕ್ಲೋಬೆಟಾಸಾಲ್. ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ ಇದರಷ್ಟು ಜೋರಿನವು ಕಡಿಮೆ. ಹಚ್ಚಿದ ರಾತ್ರಿಯೇ ನವೆ ಅಡಗುತ್ತದೆ, ಫಂಗಸ್ ಮಾತ್ರ ಒಳಗೊಳಗೇ ಹಬ್ಬುತ್ತದೆ. ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿತು. ಕೌಂಟರಿನಲ್ಲಿ ನಿಯಮ ಏನಾಯಿತೆಂದು ಈಗಷ್ಟೇ ನೋಡಿದಿರಿ.

ಇಂಥ ಟ್ಯೂಬು ನಾಲ್ಕಾರು ಮುಗಿಸಿದವರು ಕೊನೆಗೆ ಬರುವುದು ಚರ್ಮದ ಡಾಕ್ಟರ ಹತ್ತಿರ. ಬನ್ನಿ, ಪರದೆಯ ಈಚೆ ಕೂರೋಣ.

ಮಂಚದ ಮೇಲಿರುವವನೂ ಡ್ರೈವರೇ. ಇಂಜಿನ್ನಿನ ಕಾವು, ರೆಗ್ಜಿನ್ ಸೀಟು, ಬೆವರಲ್ಲಿ ನೆನೆದ ಜೀನ್ಸ್ ಪ್ಯಾಂಟು. 2025ರ ಅಕ್ಟೋಬರ್‌ನಿಂದ ತಯಾರಾಗುವ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ; ಇವನದು ಹಳೇ ಗಾಡಿ. ಗಜಕರ್ಣವೆಂದರೆ ಉಂಗುರದಂಥ ಕೆಂಪು ಅಂಚು ಇರಬೇಕು. ಇಲ್ಲಿ ಅಂಚೇ ಕಲಸಿಹೋಗಿದೆ. ತೊಡೆಯ ಮೇಲೆ ನೇರಳೆ ಬಣ್ಣದ ಸೀಳುಗೆರೆಗಳು. ಸ್ಟೀರಾಯ್ಡ್ ತೆಳುವಾಗಿಸಿದ ಚರ್ಮ ಬಿರಿದ ಗುರುತು. ಆ ಗೆರೆ ಮತ್ತೆ ಪೂರ್ತಿ ಹೋಗುವುದಿಲ್ಲ.

ಡಾಕ್ಟರಮ್ಮ ಬ್ಲೇಡಿನ ಅಂಚಿನಿಂದ ಹೊಟ್ಟು ಕೆರೆದು ಗಾಜಿನ ಮೇಲೆ ಉದುರಿಸುತ್ತಾರೆ. ಮೇಲೊಂದು ತೊಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಚರ್ಮದ ಕಣ ಕರಗಲು ಸ್ವಲ್ಪ ಹೊತ್ತು ಬೇಕು. ಸೂಕ್ಷ್ಮದರ್ಶಕಕ್ಕೆ ನೀವೂ ಕಣ್ಣಿಡಿ: ಮಸುಕು ಹಿನ್ನೆಲೆಯಲ್ಲಿ ಕವಲೊಡೆದ ಉದ್ದುದ್ದ ಎಳೆಗಳು. ಅದೇ ಫಂಗಸ್. ನಮ್ಮ ದೇಶದಲ್ಲಿ ಮದ್ದಿಗೆ ಬಗ್ಗದೆ ಹಬ್ಬಿರುವ ತಳಿಗೆ 2020ರಲ್ಲಿ ‘ಟ್ರೈಕೋಫೈಟಾನ್ ಇಂಡೋಟಿನಿಯೆ’ ಎಂದು ಹೆಸರಿಟ್ಟರು. 2023ರಲ್ಲಿ ನ್ಯೂಯಾರ್ಕಿನಲ್ಲೂ ಸಿಕ್ಕಿತು. ಕೀರ್ತಿ ತರುವ ರಫ್ತಲ್ಲ.

“ಮಾತ್ರೆ ವಾರಗಟ್ಟಲೆ ತಗೋಬೇಕು. ಕಡಿಮೆ ಆಯ್ತು ಅಂತ ಮಧ್ಯ ಬಿಡ್ಬೇಡಿ. ಟವೆಲ್ ಬೇರೆ ಇಟ್ಕೊಳ್ಳಿ, ಒಳ ಉಡುಪು ಬಿಸಿಲಲ್ಲಿ ಒಣಗಿಸಿ.”

“ಹೆಂಡ್ತಿಗೂ ಇದೆ ಮೇಡಂ.”

“ಮೊದ್ಲೇ ಹೇಳ್ಬಾರ್ದಾ? ಅವರನ್ನೂ ಕರ್ಕೊಂಡ್ಬನ್ನಿ.”

ಮುಂದಿನವನು ಗೋದಾಮಿನ ಹುಡುಗ. ರಾತ್ರಿಯಾದರೆ ನವೆ ಜಾಸ್ತಿ, ಒಂದೇ ರೂಮಿನಲ್ಲಿ ಮಲಗುವ ಎಲ್ಲರಿಗೂ ಇದೆ. ಡಾಕ್ಟರು ಮೊದಲು ನೋಡುವುದು ಅವನ ಬೆರಳ ಸಂದಿ. ಕಜ್ಜಿ. ಅದರ ಹುಳು ಜನನಾಂಗದ ಮೇಲೂ ಗಂಟು ಎಬ್ಬಿಸುತ್ತದೆ. ಪರ್ಮೆಥ್ರಿನ್ ಮುಲಾಮನ್ನು ಕತ್ತಿನಿಂದ ಕಾಲ್ಬೆರಳವರೆಗೆ, ರೂಮಿನವರೆಲ್ಲ ಒಂದೇ ರಾತ್ರಿ ಹಚ್ಚಬೇಕು. ವಾರದ ನಂತರ ಇನ್ನೊಮ್ಮೆ. ಒಬ್ಬನೇ ಹಚ್ಚಿಕೊಂಡರೆ ದುಡ್ಡು ದಂಡ.

ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳು ಮಾತಾಡಲು ತಡವಾಗುತ್ತದೆ. ಕೊನೆಗೆ ಬಾಯಿ ಬಿಡುತ್ತಾಳೆ: ಕೆಳಗೆ ಉರಿ, ದಿನಾ ಆಂಟಿಸೆಪ್ಟಿಕ್ ಲಿಕ್ವಿಡ್ ಹಾಕಿ ತೊಳೆಯುತ್ತಾಳೆ, ಮುಟ್ಟಿನಲ್ಲಿ ಪ್ಯಾಡ್ ಬದಲಿಸಲು ಪುರುಸೊತ್ತಿಲ್ಲ. ಸೋಂಕೇನೂ ಕಾಣಿಸುವುದಿಲ್ಲ, ಉರಿ ಆ ಲಿಕ್ವಿಡ್‌ನದು, ಪ್ಯಾಡಿನ ಒದ್ದೆಯದು. ಯೋನಿಯ ಒಳಗಿನ ಸಹಜ ಆಮ್ಲೀಯತೆಯೇ ಅದಕ್ಕೆ ಕಾವಲು, ಒಳಗೆ ಏನೂ ಹಾಕಿ ತೊಳೆಯಬೇಕಿಲ್ಲ. ಹೊರಗೆ ಬರೀ ನೀರು ಸಾಕು. ಮೊಸರಿನಂಥ ಬಿಳುಪು ಹೋಗುತ್ತಿದ್ದರೆ ಕಥೆ ಬೇರೆ, ಅದು ಕ್ಯಾಂಡಿಡಾ ಎಂಬ ಫಂಗಸ್.

ಕ್ಯಾಂಡಿಡಾ ಗಂಡಸರನ್ನೂ ಬಿಡುವುದಿಲ್ಲ. ಕೊನೆಗೆ ಬಂದ ಹಿರಿಯರ ಶಿಶ್ನದ ತುದಿ ಕೆಂಪಾಗಿದೆ. “ಯಜಮಾನ್ರೇ, ಶುಗರ್ ಮಾತ್ರೆ ಚೀಟಿ ತೋರ್ಸಿ.” ಡಾಪಾಗ್ಲಿಫ್ಲೋಜಿನ್. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುವ ಮಾತ್ರೆ. ಆ ಸಿಹಿ ಅಲ್ಲೇ ಫಂಗಸ್‌ಗೆ ಮೇವು. ಅವರಿಗೆ ಸಕ್ಕರೆ ಪರೀಕ್ಷೆಗೆ ಬರೆದುಕೊಡುತ್ತಾರೆ, ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿ ಎನ್ನುತ್ತಾರೆ.

ನಿಮ್ಮ ಮನೆಯ ಔಷಧಿ ಡಬ್ಬಿಯಲ್ಲೂ ಅರ್ಧ ಹಿಂಡಿದ ಟ್ಯೂಬೊಂದು ಇರಬಹುದು. ತೆಗೆದು ನೋಡಿ. ಕ್ಲೋಬೆಟಾಸಾಲ್, ಬೀಟಾಮೆಥಾಸೋನ್ ಅಥವಾ ಬೆಕ್ಲೋಮೆಥಾಸೋನ್ ಎಂದಿದ್ದರೆ ತೊಡೆ ಸಂದಿಗೆ ಹಚ್ಚಬೇಡಿ. ಡಾಕ್ಟರ ಹತ್ತಿರ ಹೋಗುವಾಗ ಅದನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ ತೋರಿಸಿ.